ಬರ ಬಂದು ಕೊಕ್ಕು ದಪ್ಪವಾಯಿತೇ? ನಿಸರ್ಗದ ಆಯ್ಕೆಯಲ್ಲಿ ಯಾರು ಏನು ಮಾಡುತ್ತಾರೆ

ತಿಳಿಗೊಳ:
ವಿಕಾಸದ ಬಗ್ಗೆ ಕನ್ನಡದಲ್ಲಿ ಏನೇ ಓದಲು ಕೂತರೂ ಒಂದು ವಾಕ್ಯ ಎದುರಾಗುತ್ತದೆ: "ಪರಿಸರ ಬದಲಾದಾಗ ಜೀವಿಗಳು ಅದಕ್ಕೆ ತಕ್ಕಂತೆ ತಮ್ಮನ್ನು ಬದಲಿಸಿಕೊಂಡವು." ನನ್ನ ತಕರಾರು ಆ 'ಕೊಂಡವು' ಮೇಲೆ. ಹೊಂದಿಸಿಕೊಂಡವು, ಬೆಳೆಸಿಕೊಂಡವು, ರೂಢಿಸಿಕೊಂಡವು. ಬಟ್ಟೆ ಒಗೆದ ಎನ್ನುವುದಕ್ಕೂ ಒಗೆದುಕೊಂಡ ಎನ್ನುವುದಕ್ಕೂ ಇರುವ ವ್ಯತ್ಯಾಸ ನಮಗೆಲ್ಲ ಗೊತ್ತು. 'ಕೊಳ್ಳು' ಸೇರಿದ ಕೂಡಲೇ ಪ್ರಾಣಿ ತನಗೋಸ್ಕರ ತಾನೇ ಏನೋ ಮಾಡಿತು ಎಂಬ ಅರ್ಥ ಬಂದುಬಿಡುತ್ತದೆ.

ಡಾಫ್ನೆ ಮೇಜರ್ ದ್ವೀಪದ ಫಿಂಚ್ ಹಕ್ಕಿಗಳ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ: ಬರ ಬಂತು, ಕೊಕ್ಕು ದಪ್ಪವಾಯಿತು. ಅಲ್ಲಿ ನಿಜಕ್ಕೂ ಯಾರಿಗೆ ಏನಾಯಿತು ಅಂತ ಅಂಕಿಗಳ ಸಮೇತ ಯಾರಾದರೂ ಬಿಡಿಸಿ ಹೇಳುವಿರಾ? ಇನ್ನೊಂದು, ಬೇಕಾದ ಗುಣ ಅಗತ್ಯ ಬೀಳುವ ಮೊದಲೇ ಗುಂಪಿನಲ್ಲಿತ್ತು ಎನ್ನುವುದಕ್ಕೆ ಪ್ರಯೋಗದ ಆಧಾರ ಏನು?

ಗರಿಗುಚ್ಛ:
ಮೊದಲು ಹಕ್ಕಿಗಳನ್ನೇ ನೋಡೋಣ. ಗಲಪಗಸ್ ದ್ವೀಪಗಳಲ್ಲಿ ಡಾಫ್ನೆ ಮೇಜರ್ ಒಂದು ಪುಟ್ಟ ದ್ವೀಪ, ಅರ್ಧ ಚದರ ಕಿಲೋಮೀಟರ್ ಕೂಡ ಇಲ್ಲ. ಪೀಟರ್ ಮತ್ತು ರೋಸ್ಮರಿ ಗ್ರಾಂಟ್ ಅವರ ತಂಡ 1973ರಿಂದ ಅಲ್ಲಿ ಹಕ್ಕಿ ಹಿಡಿದು, ಕಾಲಿಗೆ ಬಣ್ಣದ ಉಂಗುರ ಹಾಕಿ, ಕ್ಯಾಲಿಪರಿನಿಂದ ಕೊಕ್ಕಿನ ದಪ್ಪ (ಬುಡದಲ್ಲಿ ಮೇಲಿನಿಂದ ಕೆಳಕ್ಕೆ ಇರುವ ಅಳತೆ) ಅಳೆದು ಬಿಡುತ್ತಿತ್ತು. ಉಂಗುರ ಇದ್ದದ್ದರಿಂದ ಯಾವ ಹಕ್ಕಿ ಬದುಕಿತು, ಯಾವುದು ಕಾಣೆಯಾಯಿತು ಎಂದು ಒಂದೊಂದನ್ನೇ ಹೆಸರಿಟ್ಟು ಹೇಳುವಷ್ಟು ಲೆಕ್ಕ ಸಿಕ್ಕಿತು.

1977ರ ಮಳೆಗಾಲದಲ್ಲಿ ಬಿದ್ದದ್ದು 24 ಮಿ.ಮೀ. ಅಷ್ಟೇ. ಮಧ್ಯಮ ಗಾತ್ರದ ನೆಲಫಿಂಚ್‌ಗಳು ಸುಮಾರು 1,200 ಇದ್ದವು, 180ರ ಆಸುಪಾಸಿಗೆ ಇಳಿದವು. ಸಣ್ಣ, ಮೆತ್ತನೆಯ ಬೀಜಗಳು ಮೊದಲು ಖಾಲಿಯಾದವು. ಉಳಿದದ್ದರಲ್ಲಿ ಮುಖ್ಯವಾದದ್ದು ನಮ್ಮ ನೆಗ್ಗಿಲು ಮುಳ್ಳಿನ ಕುಲಕ್ಕೇ ಸೇರಿದ ಒಂದು ಗಿಡದ ಕಾಯಿ. ಅದು ಒಣಗಿ ಕಟ್ಟಿಗೆಯಂಥ ಹೋಳುಗಳಾಗಿ ಬೀಳುತ್ತದೆ, ಪ್ರತಿ ಹೋಳಿಗೂ ಮುಳ್ಳು, ಒಳಗೆ ಕೆಲವೇ ಬೀಜ. ಹಕ್ಕಿ ಅದನ್ನು ಕೊಕ್ಕಿನಲ್ಲಿ ಕಚ್ಚಿ, ತಿರುಚಿ, ಹೋಳಿನ ಗೋಡೆಯನ್ನು ಕಿತ್ತು ತೆಗೆಯಬೇಕು. ಕೊಕ್ಕಿನ ಬುಡ ತೆಳ್ಳಗಿದ್ದರೆ ಅಷ್ಟು ಬಲ ಬರುವುದಿಲ್ಲ. ಕೆಲವೇ ದಶಾಂಶ ಮಿ.ಮೀ. ವ್ಯತ್ಯಾಸದಲ್ಲಿ ಬೀಜ ಸಿಗುವುದು, ಸಿಗದಿರುವುದು ತೀರ್ಮಾನವಾಗುತ್ತಿತ್ತು.

ಬರಕ್ಕೆ ಮೊದಲು ಕೊಕ್ಕಿನ ದಪ್ಪದ ಸರಾಸರಿ ಸುಮಾರು 9.4 ಮಿ.ಮೀ. ಬದುಕಿದವುಗಳ ಸರಾಸರಿ 10ಕ್ಕೆ ತೀರ ಹತ್ತಿರ. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಬದುಕಿದ ಹಕ್ಕಿಯ ಕೊಕ್ಕು ಬರಕ್ಕೆ ಮೊದಲು ಎಷ್ಟಿತ್ತೋ ಆಮೇಲೂ ಅಷ್ಟೇ ಇತ್ತು. ಒಂದೇ ಒಂದು ಕೊಕ್ಕೂ ದಪ್ಪವಾಗಲಿಲ್ಲ. ತೆಳ್ಳಗಿನ ಕೊಕ್ಕಿನವು ಲೆಕ್ಕದಿಂದ ಹೊರಟುಹೋದವು, ಅದರಿಂದ ಸರಾಸರಿ ಏರಿತು.

ತಳಿಲೆಕ್ಕ:
ಇಷ್ಟಕ್ಕೇ ನಿಲ್ಲಿಸಿದರೆ ಅದು ಬರೀ ಆಯ್ಕೆ, ವಿಕಾಸ ಅಲ್ಲ. ಬದುಕಿದವುಗಳ ಮಕ್ಕಳು ಹೇಗಿದ್ದವು ಎಂಬುದನ್ನು ನೋಡಿದಾಗ ಮಾತ್ರ ವಿಕಾಸದ ಮಾತು. ಅದಕ್ಕೊಂದು ಸರಳ ಸೂತ್ರ ಇದೆ, ತಳಿ ಅಭಿವೃದ್ಧಿ ಮಾಡುವವರು ದಿನಾ ಬಳಸುವಂಥದ್ದು:

ಮುಂದಿನ ತಲೆಮಾರಿನಲ್ಲಿ ಬರುವ ಬದಲಾವಣೆ = ಆನುವಂಶಿಕತೆ × ಆಯ್ಕೆಯ ಅಂತರ

ಆನುವಂಶಿಕತೆ ಎಂದರೆ ಗುಣದ ವ್ಯತ್ಯಾಸದಲ್ಲಿ ಹೆತ್ತವರಿಂದ ಮಕ್ಕಳಿಗೆ ಹೋಗುವ ಪಾಲು. ಆಯ್ಕೆಯ ಅಂತರ ಎಂದರೆ ಮೊದಲಿದ್ದ ಎಲ್ಲರ ಸರಾಸರಿಗೂ ತಂದೆತಾಯಿಯಾದವುಗಳ ಸರಾಸರಿಗೂ ನಡುವಿನ ವ್ಯತ್ಯಾಸ. ಇಲ್ಲಿ ಅದು ಅರ್ಧ ಮಿ.ಮೀ.ಗಿಂತ ಚೂರು ಹೆಚ್ಚು, 0.54 ಅಂತ ಹಿಡಿಯಿರಿ. ಈ ಹಕ್ಕಿಗಳಲ್ಲಿ ಕೊಕ್ಕಿನ ದಪ್ಪದ ಆನುವಂಶಿಕತೆ 0.65ರಿಂದ 0.8ರ ಒಳಗೆ ಸಿಕ್ಕಿದೆ. 0.7 ಇಟ್ಟು ಗುಣಿಸಿದರೆ 0.38 ಮಿ.ಮೀ. 9.4ರಲ್ಲಿ ಅದು ಶೇ. 4. 1978ರಲ್ಲಿ ಹುಟ್ಟಿದ ಮರಿಗಳು ಬೆಳೆದ ಮೇಲೆ ಅಳೆದಾಗ ಸಿಕ್ಕಿದ್ದೂ ಹೆಚ್ಚುಕಡಿಮೆ ಅಷ್ಟೇ. ಸೂತ್ರ ಒಂದು ಕಡೆ, ದ್ವೀಪ ಒಂದು ಕಡೆ, ಎರಡೂ ಒಂದೇ ಅಂಕಿ ಕೊಟ್ಟದ್ದು ನನಗೆ ಈಗಲೂ ಬಹಳ ಖುಷಿ ಕೊಡುವ ವಿಷಯ.

ಆದರೆ ಆನುವಂಶಿಕತೆ ಅಳೆಯುವಾಗಲೇ ತಪ್ಪುಗಳು ನುಸುಳುವುದು. ತಂದೆತಾಯಿಯ ಸರಾಸರಿಯನ್ನು ಅಡ್ಡ ಅಕ್ಷದಲ್ಲೂ ಮಕ್ಕಳದ್ದನ್ನು ನೆಟ್ಟ ಅಕ್ಷದಲ್ಲೂ ಇಟ್ಟು ಗೆರೆ ಎಳೆದರೆ ಆ ಗೆರೆಯ ಓರೆಯೇ ಆನುವಂಶಿಕತೆ. ಒಳ್ಳೆಯ ಜಾಗ ಹಿಡಿದ ಜೋಡಿ ಮರಿಗಳಿಗೂ ಚೆನ್ನಾಗಿ ಉಣಿಸಿದರೆ, ಊಟದ ಹೋಲಿಕೆ ರಕ್ತದ ಹೋಲಿಕೆಯಂತೆ ಕಾಣಿಸಿ ಗೆರೆ ಕಡಿದಾಗುತ್ತದೆ. ಬೇರೆ ಹಕ್ಕಿಗಳಲ್ಲಿ ಇದನ್ನು ಪರೀಕ್ಷಿಸಲು ಮೊಟ್ಟೆಗಳನ್ನು ಗೂಡಿನಿಂದ ಗೂಡಿಗೆ ಬದಲಿಸಿ, ಮರಿ ಹೆತ್ತವರನ್ನು ಹೋಲುತ್ತದೋ ಸಾಕಿದವರನ್ನೋ ಎಂದು ನೋಡುತ್ತಾರೆ. ಗೂಡಿನಲ್ಲಿರುವ ಗಂಡುಹಕ್ಕಿ ಆ ಮರಿಯ ನಿಜವಾದ ತಂದೆ ಅಲ್ಲದಿದ್ದರೆ ಗೆರೆ ಉಲ್ಟಾ ದಿಕ್ಕಿಗೆ, ಅಂದರೆ ಮಟ್ಟಸದ ಕಡೆಗೆ ವಾಲುತ್ತದೆ. ಮರಿ ಪೂರ್ತಿ ಬೆಳೆಯುವ ಮುನ್ನ ಅಳೆದರಂತೂ ಇಡೀ ಲೆಕ್ಕವೇ ಹಾಳು.

ಇನ್ನೊಂದು ಸೂಕ್ಷ್ಮ. ಅದೇ ಬರದಲ್ಲಿ ಕೊಕ್ಕಿನ ಅಗಲವೂ ಏರಿತು. ಗುಣಗಳನ್ನು ಒಂದೊಂದಾಗಿ ಬೇರ್ಪಡಿಸಿ ಲೆಕ್ಕ ಹಾಕಿದಾಗ ಆಯ್ಕೆ ಒಲಿದಿದ್ದದ್ದು ದಪ್ಪ ಹೆಚ್ಚಿದ್ದು ಅಗಲ ಕಡಿಮೆ ಇರುವ ಕೊಕ್ಕಿಗೆ ಎಂದು ತಿಳಿಯಿತು. ಅಗಲ ಏರಿದ್ದು ದಪ್ಪದ ಜೊತೆ ಅದಕ್ಕೆ ಜೀನ್ ಮಟ್ಟದಲ್ಲೇ ನಂಟು ಇದ್ದದ್ದರಿಂದ. ಏರಿದ ಗುಣವನ್ನೆಲ್ಲ ಆಯ್ಕೆ ಬಯಸಿತ್ತು ಎನ್ನುವ ಹಾಗಿಲ್ಲ.

ತಿಳಿಗೊಳ:
ಸ್ಪಷ್ಟವಾಯಿತು. ಹಾಗಾದರೆ ಕೊಕ್ಕು ಆಮೇಲೂ ದಪ್ಪವಾಗುತ್ತಲೇ ಹೋಯಿತಾ?

ಗರಿಗುಚ್ಛ:
ಇಲ್ಲ. 1982-83ರಲ್ಲಿ ಎಲ್ ನಿನ್ಯೊ ಬಂದು ಜೋರು ಮಳೆ ಸುರಿಯಿತು. ಬಳ್ಳಿ, ಹುಲ್ಲು ಹಬ್ಬಿ ದ್ವೀಪದ ತುಂಬ ಸಣ್ಣ ಬೀಜ. ಅದರ ಹಿಂದೆಯೇ ಬಂದ ಒಣ ವರ್ಷಗಳಲ್ಲಿ ಸಣ್ಣ ಕೊಕ್ಕಿನವೇ ಹೆಚ್ಚು ಬದುಕಿದವು. ದೊಡ್ಡ ನೆಲಫಿಂಚ್ ಎಂಬ ಇನ್ನೊಂದು ಪ್ರಭೇದ 1982ರಲ್ಲಿ ಅಲ್ಲಿ ನೆಲೆಯೂರಿತ್ತು. 2004-05ರ ಬರದ ಹೊತ್ತಿಗೆ ಗಟ್ಟಿ ಕಾಯಿಗಳನ್ನು ಅದೇ ಮುಗಿಸುತ್ತಿತ್ತು. ಈ ಸಲ ಮಧ್ಯಮ ಫಿಂಚ್‌ಗಳಲ್ಲಿ ದಪ್ಪ ಕೊಕ್ಕಿನವೇ ಹೆಚ್ಚು ಸತ್ತವು, ಸರಾಸರಿ ಇಳಿಯಿತು. ಎರಡೂ ಬರವೇ, ಪಕ್ಕದಲ್ಲಿ ಯಾರಿದ್ದರು ಎಂಬುದು ಬೇರೆ, ಫಲಿತಾಂಶ ತದ್ವಿರುದ್ಧ. ಆ ಬರದಲ್ಲಿ ಬದುಕಿದವು ಮತ್ತು ಸತ್ತವುಗಳ ನಡುವೆ ಎದ್ದು ಕಂಡ ಜೀನ್ ಎಚ್ಎಂಜಿಎ2, ಅದು 2016ರಲ್ಲಿ ಪ್ರಕಟವಾಯಿತು.

ಪೆಟ್ರಿತಟ್ಟೆ:
ತಿಳಿಗೊಳ ಅವರ ಎರಡನೇ ಪ್ರಶ್ನೆಗೆ ಬರುತ್ತೇನೆ. ಇದಕ್ಕೆ 1943ರಲ್ಲೇ ಸಾಲ್ವಡಾರ್ ಲೂರಿಯ ಮತ್ತು ಮ್ಯಾಕ್ಸ್ ಡೆಲ್‌ಬ್ರುಕ್ ಉತ್ತರ ಕೊಟ್ಟರು. ಉಪಕರಣ ಏನೂ ಬೇಡ, ಕೊಳವೆ, ತಟ್ಟೆ, ಎಣಿಸುವ ತಾಳ್ಮೆ ಇಷ್ಟು ಸಾಕು.

ಇ. ಕೋಲಿ ಬ್ಯಾಕ್ಟೀರಿಯಾವನ್ನು ಕೊಲ್ಲುವ ವೈರಸ್ ಒಂದಿದೆ. ಅದರ ಮುಂದೆ ಕೋಟಿಗಟ್ಟಲೆ ಕೋಶ ಸಾಯುತ್ತವೆ, ಅಲ್ಲೊಂದು ಇಲ್ಲೊಂದು ಬದುಕಿ ಕಾಲೊನಿ ಕಟ್ಟುತ್ತದೆ. ಈ ನಿರೋಧ ವೈರಸ್ ತಾಗಿದ ಮೇಲೆ ಹುಟ್ಟಿತೋ, ಮೊದಲೇ ಇತ್ತೋ? ಅವರು 20 ಸಣ್ಣ ಕೊಳವೆಗಳಲ್ಲಿ ಕೆಲವೇ ಕೋಶಗಳಿಂದ ಬೇರೆಬೇರೆಯಾಗಿ ಬೆಳೆಸಿದರು. ವೈರಸ್ ಇನ್ನೂ ಎಲ್ಲೂ ಇಲ್ಲ. ಬೆಳೆದ ಮೇಲೆ ಒಂದೊಂದು ಕೊಳವೆಯನ್ನೂ ವೈರಸ್ ಬಳಿದ ಒಂದೊಂದು ತಟ್ಟೆಗೆ ಸುರಿದು, ಕಾಲೊನಿ ಎಣಿಸಿದರು.

ವೈರಸ್ ತಾಗಿದ ಮೇಲೆ ನಿರೋಧ ಹುಟ್ಟುವುದಾದರೆ ಎಲ್ಲ ತಟ್ಟೆಗೂ ಒಂದೇ ಅವಕಾಶ, ಎಣಿಕೆಗಳು ಅಕ್ಕಪಕ್ಕದಲ್ಲೇ ಇರಬೇಕು. ಸಿಕ್ಕಿದ್ದು: 20ರಲ್ಲಿ 11 ತಟ್ಟೆ ಖಾಲಿ, ಕೆಲವದರಲ್ಲಿ 1, 3, 5, 6, ಒಂದರಲ್ಲಿ 35, ಒಂದರಲ್ಲಿ 64, ಒಂದರಲ್ಲಿ 107. ಕೊಳವೆಯಲ್ಲಿ ಬೆಳೆಯುವಾಗಲೇ, ವೈರಸ್ಸಿನ ಮುಖ ನೋಡುವ ಮೊದಲೇ ಮ್ಯುಟೇಶನ್ (ಜೀನಿನಲ್ಲಿ ಆಕಸ್ಮಿಕವಾಗಿ ಬರುವ ಬದಲಾವಣೆ) ಆಗಿದ್ದರೆ ಮಾತ್ರ ಹೀಗೆ ಬರಲು ಸಾಧ್ಯ. ಮ್ಯುಟೇಶನ್ ಬೇಗ ಆದ ಕೊಳವೆಯಲ್ಲಿ ಆ ಕೋಶದ ಮಕ್ಕಳು ಮೊಮ್ಮಕ್ಕಳು ಸೇರಿ ನೂರಾಗುತ್ತವೆ, ತಡವಾಗಿ ಆದಲ್ಲಿ ಒಂದೆರಡು, ಆಗದೇ ಇದ್ದಲ್ಲಿ ಸೊನ್ನೆ. ಹೋಲಿಕೆಗೆ ಒಂದೇ ದೊಡ್ಡ ಪಾತ್ರೆಯಲ್ಲಿ ಬೆಳೆಸಿ ಅದರಿಂದ ಹಲವು ಪಾಲು ತೆಗೆದು ಹರಡಿದಾಗ ಎಣಿಕೆಗಳು ಒಂದಕ್ಕೊಂದು ಹತ್ತಿರವೇ ಬಂದವು. ಆ ಹೋಲಿಕೆ ಇಲ್ಲದೆ ಪ್ರಯೋಗ ಅರ್ಧವೇ.

ಖಾಲಿ ತಟ್ಟೆಗಳಿಂದ ಮ್ಯುಟೇಶನ್ ದರವನ್ನೂ ತೆಗೆಯಬಹುದು. ಖಾಲಿಯ ಪಾಲು 11/20 = 0.55, ಅದರ ಸಹಜ ಲಾಗ್‌ನ ಋಣ ಚಿಹ್ನೆ ತೆಗೆದರೆ 0.6, ಅದೇ ಒಂದು ಕೊಳವೆಯಲ್ಲಿ ಸರಾಸರಿ ಆದ ಮ್ಯುಟೇಶನ್‌ಗಳ ಸಂಖ್ಯೆ. ಅದನ್ನು ಒಂದು ಕೊಳವೆಯ ಒಟ್ಟು ಕೋಶಗಳಿಂದ ಭಾಗಿಸಬೇಕು. ಕೊಳವೆಗೆ 10 ಕೋಟಿ ಕೋಶ ಎಂದುಕೊಂಡರೆ, 100 ಕೋಟಿ ಕೋಶಕ್ಕೆ 6 ಮ್ಯುಟೇಶನ್. ಕೊಳವೆಯ ಅರ್ಧವನ್ನಷ್ಟೇ ಹರಡಿ ಪೂರ್ತಿ ಕೋಶಗಳ ಸಂಖ್ಯೆಯಿಂದ ಭಾಗಿಸಿದರೆ ದರ ಕಡಿಮೆ ಕಾಣುತ್ತದೆ. ಶುರುವಿಗೆ ಹೆಚ್ಚು ಕೋಶ ಹಾಕಿದರೆ ಅವುಗಳಲ್ಲೇ ಒಂದು ನಿರೋಧಿ ಇದ್ದು, ಆ ಕೊಳವೆಯ ದೊಡ್ಡ ಎಣಿಕೆ ಮೋಸ ಮಾಡುತ್ತದೆ. ಅದಕ್ಕೇ ಕೆಲವು ನೂರು ಕೋಶಗಳಿಂದ ಶುರುಮಾಡುವುದು.

1952ರಲ್ಲಿ ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ಮಖಮಲ್ ಬಟ್ಟೆಯಿಂದ ಒಂದು ತಟ್ಟೆಯ ಅಚ್ಚನ್ನು ಇನ್ನೊಂದಕ್ಕೆ ಒತ್ತಿ, ವೈರಸ್ ಎಂದೂ ತಾಗದ ಮೂಲ ತಟ್ಟೆಯಲ್ಲೇ ನಿರೋಧಿ ಕೋಶಗಳಿದ್ದ ಜಾಗವನ್ನು ತೋರಿಸಿದರು. ಅಲ್ಲಿಗೆ ಸಂಶಯಕ್ಕೆ ಎಡೆ ಉಳಿಯಲಿಲ್ಲ.

ಸುಳಿಗಾಳಿ:
ಒಂದು ಆಕ್ಷೇಪ. 'ಕೊಳ್ಳು' ಪೂರ್ತಿ ತಪ್ಪು ಎನ್ನಬೇಡಿ. ಬಿಸಿಲಿಗೆ ಚರ್ಮ ಕಪ್ಪಾಗುತ್ತದೆ, ಕೆಲಸಕ್ಕೆ ಸ್ನಾಯು ಗಟ್ಟಿಯಾಗುತ್ತದೆ, ಎತ್ತರದ ಜಾಗಕ್ಕೆ ಹೋದವರ ರಕ್ತದಲ್ಲಿ ಹಿಮೋಗ್ಲೋಬಿನ್ ಏರುತ್ತದೆ. ದೇಹ ಒಗ್ಗಿಕೊಳ್ಳುತ್ತದೆ ತಾನೆ?

ತಳಿಲೆಕ್ಕ:
ಒಗ್ಗಿಕೊಳ್ಳುತ್ತದೆ, ಅಲ್ಲಿ 'ಕೊಳ್ಳು' ಸರಿಯಾಗಿಯೇ ಇದೆ. ಆದರೆ ಅದು ಒಂದು ದೇಹದ ಒಂದು ಜೀವಮಾನದ ಮಾತು, ಮಕ್ಕಳಿಗೆ ಹೋಗುವುದಿಲ್ಲ. ನೀವು ಹೇಳಿದ ಹಿಮೋಗ್ಲೋಬಿನ್ನಿನಲ್ಲೇ ಎರಡರ ಅಂತರ ಚೆನ್ನಾಗಿ ಕಾಣುತ್ತದೆ. ತಗ್ಗಿನಿಂದ ಮೇಲೆ ಹೋದವರ ದೇಹ ಕೆಂಪು ರಕ್ತಕಣ ಹೆಚ್ಚಿಸುತ್ತದೆ. ಮಿತಿ ಮೀರಿದರೆ ರಕ್ತ ಮಂದವಾಗಿ ಹೃದಯಕ್ಕೆ ಹೊರೆ, ಗರ್ಭಿಣಿಯರಿಗೆ ತೊಂದರೆ. ಟಿಬೆಟ್ಟಿನ ಜನರಲ್ಲಿ ಇಪಿಎಎಸ್1 ಎಂಬ ಜೀನಿನ ಒಂದು ರೂಪ ಬಹಳ ಹೆಚ್ಚು. ಅದು ಈ ಏರಿಕೆಯನ್ನು ತಗ್ಗಿಸುತ್ತದೆ. ದೇಹ ತಾನಾಗಿ ಮಾಡಿಕೊಳ್ಳುವ ಬದಲಾವಣೆ ಯಾವ ದಿಕ್ಕಿಗೋ ಆಯ್ಕೆ ಅದರ ಎದುರು ದಿಕ್ಕಿಗೆ ನಡೆದಿದೆ. ಆ ರೂಪ ಡೆನಿಸೋವನ್ ಎಂಬ ಅಳಿದುಹೋದ ಮಾನವ ಬಳಗದಿಂದ ಬಂದದ್ದು ಎಂದು 2014ರಲ್ಲಿ ಗೊತ್ತಾಯಿತು. ಆಯ್ಕೆಗೆ ಬೇಕಾದ ವೈವಿಧ್ಯ ಹೊಸ ಮ್ಯುಟೇಶನ್ನಿನಿಂದಲೇ ಬರಬೇಕೆಂದಿಲ್ಲ, ನೆರೆಯವರಿಂದಲೂ ಬರುತ್ತದೆ.

ಚಿಟ್ಟೆಬಲೆ:
ಕೀಟಗಳ ಕಡೆಯಿಂದ ಒಂದು. ಹವಾಯಿಯ ಕವಾಯಿ ದ್ವೀಪದಲ್ಲಿ ಒಂದು ಜಾತಿಯ ಜೀರುಂಡೆ (ಇಂಗ್ಲಿಷಿನಲ್ಲಿ ಕ್ರಿಕೆಟ್) ಇದೆ. ಗಂಡಿನ ಒಂದು ರೆಕ್ಕೆಯ ಅಡಿಯಲ್ಲಿ ಹಲ್ಲುಸಾಲು, ಇನ್ನೊಂದರ ಅಂಚು ಗೀರುವ ಕಡ್ಡಿ. ಎರಡನ್ನೂ ಉಜ್ಜಿದರೆ ಹೆಣ್ಣನ್ನು ಕರೆಯುವ ಹಾಡು. ಅದೇ ಹಾಡು ಕೇಳಿ ಒಂದು ನೊಣವೂ ಬರುತ್ತದೆ. ಅದು ಬಿಡುವ ಮರಿಹುಳುಗಳು ಜೀರುಂಡೆಯೊಳಗೆ ಕೊರೆದು ಹೋಗಿ, ಒಳಗಿನಿಂದಲೇ ತಿಂದು ಮುಗಿಸುತ್ತವೆ. ಹಾಡಿದರೆ ಹೆಣ್ಣೂ ಬಂತು, ಸಾವೂ ಬಂತು.

2003ರ ಹೊತ್ತಿಗೆ ಅಲ್ಲಿನ ಗಂಡುಗಳಲ್ಲಿ ಬಹುಪಾಲು ಮೂಕವಾಗಿದ್ದವು. ರೆಕ್ಕೆ ಹೆಣ್ಣಿನ ರೆಕ್ಕೆಯಂತೆ ಚಪ್ಪಟೆ, ಹಲ್ಲುಸಾಲು ಹೆಸರಿಗಷ್ಟೇ. ಇದೆಲ್ಲ ಹರಡಿದ್ದು 20 ತಲೆಮಾರಿಗಿಂತ ಕಡಿಮೆ ಅವಧಿಯಲ್ಲಿ. ಕಾರಣ ಎಕ್ಸ್ ಕ್ರೋಮೋಸೋಮಿನ ಒಂದೇ ಜಾಗದ ಬದಲಾವಣೆ. ಕೆಲವು ವರ್ಷದ ನಂತರ ಪಕ್ಕದ ಒವಾಹು ದ್ವೀಪದಲ್ಲೂ ಮೂಕ ಗಂಡುಗಳು ಕಂಡವು. ಅಲ್ಲಿಯದು ಪ್ರತ್ಯೇಕವಾಗಿ ಹುಟ್ಟಿದ ಇನ್ನೊಂದು ಮ್ಯುಟೇಶನ್, ರೆಕ್ಕೆಯ ರೂಪವೂ ಬೇರೆ.

ಮೂಕ ಗಂಡಿಗೆ ಹೆಣ್ಣು ಸಿಗುವುದು ಹೇಗೆ? ಇನ್ನೂ ಹಾಡುವ ಕೆಲವು ಗಂಡುಗಳ ಹತ್ತಿರ ಹೋಗಿ ಕೂರುತ್ತದೆ, ಹಾಡಿಗೆ ಬಂದ ಹೆಣ್ಣನ್ನು ಅಲ್ಲೇ ಎದುರುಗೊಳ್ಳುತ್ತದೆ. ತಿಳಿಗೊಳ ಅವರ ತಕರಾರಿಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕೆ? ಈ ಮೂಕ ಗಂಡುಗಳು ಇವತ್ತಿಗೂ ಹಾಡುವ ಭಂಗಿಯಲ್ಲೇ ರೆಕ್ಕೆ ಎತ್ತಿ ಉಜ್ಜುತ್ತವೆ, ಸದ್ದು ಮಾತ್ರ ಇಲ್ಲ. ಹಾಡು ಬಿಡಬೇಕೆಂದು ಅವು ಏನನ್ನೂ ಮಾಡಿಕೊಂಡಿಲ್ಲ. ಹುಟ್ಟಿನಿಂದ ರೆಕ್ಕೆ ಕೆಟ್ಟಿದ್ದವು ನೊಣದಿಂದ ತಪ್ಪಿಸಿಕೊಂಡವು, ಅವುಗಳ ಮಕ್ಕಳು ಹೆಚ್ಚಾದರು.

ತಳಿಲೆಕ್ಕ:
20 ತಲೆಮಾರು ಎಂದಾಗ ಎಲ್ಲವೂ ಹೀಗೇ ಬೇಗ ಆಗುತ್ತದೆ ಎಂದುಕೊಳ್ಳಬಾರದು. ವೇಗವನ್ನು ಕೈಲೆಕ್ಕದಲ್ಲೇ ಅಂದಾಜಿಸಬಹುದು. ಹೊಸ ರೂಪ ಇರುವವುಗಳಿಗೆ ತಲೆಮಾರಿಗೆ ಶೇ. 1 ಅನುಕೂಲ ಇದೆ ಎನ್ನಿ. ಬ್ಯಾಕ್ಟೀರಿಯಾದಂತೆ ಜೀನಿನ ಒಂದೇ ಪ್ರತಿ ಇರುವ ಜೀವಿಯಲ್ಲಿ ಅದು ಗುಂಪಿನ ಶೇ. 1ರಿಂದ ಶೇ. 99ಕ್ಕೆ ಏರಲು 9.2 (99 × 99ರ ಸಹಜ ಲಾಗ್) ಭಾಗಿಸು 0.01, ಅಂದರೆ ಸುಮಾರು 920 ತಲೆಮಾರು. ಅನುಕೂಲ ಶೇ. 10 ಆದರೆ 92. ಕವಾಯಿಯಲ್ಲಿ 20ರೊಳಗೆ ಮುಗಿಯಿತು ಎಂದರೆ ನೊಣದ ಹೊಡೆತ ಎಷ್ಟು ಭಾರಿಯಾಗಿತ್ತು ಎಂದು ಇದರಿಂದಲೇ ಊಹಿಸಿ.

ಇನ್ನೊಂದನ್ನು ಜನ ಮರೆಯುತ್ತಾರೆ. ದೊಡ್ಡ ಗುಂಪಿನಲ್ಲಿ ಅನುಕೂಲದ ಮ್ಯುಟೇಶನ್ ಹುಟ್ಟಿದರೂ ಅದು ಉಳಿಯುವ ಸಾಧ್ಯತೆ ಹೆಚ್ಚುಕಡಿಮೆ ಅನುಕೂಲದ ಎರಡರಷ್ಟು. ಶೇ. 1 ಅನುಕೂಲಕ್ಕೆ ಶೇ. 2. ಉಳಿದ 98 ಸಲ ಅದು ಮೊದಲ ಕೆಲವು ತಲೆಮಾರಿನಲ್ಲೇ ಆಕಸ್ಮಿಕವಾಗಿ ಕಳೆದುಹೋಗುತ್ತದೆ, ಮಕ್ಕಳಾಗುವ ಮೊದಲೇ ಹೊತ್ತವನು ಸತ್ತ ಎಂಬಷ್ಟೇ ಕಾರಣಕ್ಕೆ. ಜೆ.ಬಿ.ಎಸ್. ಹಾಲ್ಡೇನ್ 1927ರಲ್ಲೇ ಇದನ್ನು ತೋರಿಸಿದ್ದರು.

ಕೆಟ್ಟದ್ದನ್ನು ತೆಗೆದುಹಾಕುವುದರಲ್ಲೂ ಆಯ್ಕೆ ನಿಧಾನ, ಅದು ಎರಡು ಪ್ರತಿ ಸೇರಿದಾಗ ಮಾತ್ರ ಕಾಣಿಸುವ ಗುಣವಾದರೆ. ಗುಂಪಿನಲ್ಲಿ ಆ ಜೀನಿನ ಪಾಲು ಶೇ. 1 ಎಂದರೆ 10,000 ಜನರಲ್ಲಿ ರೋಗ ಕಾಣುವುದು ಒಬ್ಬರಲ್ಲಿ, ಒಂದೇ ಪ್ರತಿ ಹೊತ್ತು ಆರೋಗ್ಯವಾಗಿರುವವರು 198. ರೋಗಿಗಳು ಯಾರಿಗೂ ಮಕ್ಕಳಾಗದಿದ್ದರೂ ಶೇ. 1 ಅರ್ಧಕ್ಕಿಳಿಯಲು 100 ತಲೆಮಾರು ಬೇಕು.

ಪೆಟ್ರಿತಟ್ಟೆ:
ಈ ಲೆಕ್ಕಗಳನ್ನು ಕಣ್ಣಾರೆ ನೋಡಲು ರಿಚರ್ಡ್ ಲೆನ್ಸ್ಕಿ 1988ರ ಫೆಬ್ರವರಿಯಲ್ಲಿ ಶುರುಮಾಡಿದ ಪ್ರಯೋಗ ಇದೆ. ಒಂದೇ ಇ. ಕೋಲಿಯಿಂದ 12 ಗುಂಪು. ದಿನಾ 0.1 ಮಿ.ಲೀ. ತೆಗೆದು 9.9 ಮಿ.ಲೀ. ಹೊಸ ದ್ರಾವಣಕ್ಕೆ ಹಾಕುತ್ತಾರೆ. ಲೀಟರಿಗೆ 25 ಮಿ.ಗ್ರಾಂ ಗ್ಲೂಕೋಸ್, 37 ಡಿಗ್ರಿ ಸೆಲ್ಸಿಯಸ್. ನೂರು ಪಟ್ಟು ಬೆಳೆಯಬೇಕಾದ್ದರಿಂದ ದಿನಕ್ಕೆ 6.64 ತಲೆಮಾರು. ಪ್ರತಿ 500 ತಲೆಮಾರಿಗೊಮ್ಮೆ ಒಂದು ಪಾಲನ್ನು ಗ್ಲಿಸರಾಲ್ ಸೇರಿಸಿ ಘನೀಕರಿಸಿ ಇಡುತ್ತಾರೆ. ಬೇಕೆಂದಾಗ ಮುತ್ತಜ್ಜನನ್ನೂ ಮರಿಮೊಮ್ಮಗನನ್ನೂ ಒಂದೇ ಪಾತ್ರೆಯಲ್ಲಿ ಪಂದ್ಯಕ್ಕೆ ಬಿಡಬಹುದು.

ಪಂದ್ಯದ ವಿಧಾನ: 12ರಲ್ಲಿ ಆರು ಗುಂಪು ಬಣ್ಣದ ತಟ್ಟೆಯಲ್ಲಿ ಕೆಂಪಾಗಿ, ಆರು ಬಿಳಿಯಾಗಿ ಕಾಣುತ್ತವೆ. ಎರಡು ಬಣ್ಣದವನ್ನು ಸಮನಾಗಿ ಬೆರೆಸಿ, ಆಗಲೇ ಒಂದು ತಟ್ಟೆಗೆ ಹರಡಿ ಎಣಿಸುತ್ತಾರೆ, ಮರುದಿನ ಮತ್ತೆ ನೂರು ಪಟ್ಟು ತೆಳುಮಾಡಿ ಎಣಿಸುತ್ತಾರೆ. ಮೊದಲ ದಿನ ತಲಾ 100, ಮರುದಿನ 120 ಮತ್ತು 80 ಎಂದುಕೊಳ್ಳಿ. ನೂರು ಪಟ್ಟು ತೆಳುಮಾಡಿ ಎಣಿಸಿದ್ದರಿಂದ, ಒಂದು 120 ಪಟ್ಟು ಬೆಳೆಯಿತು, ಇನ್ನೊಂದು 80 ಪಟ್ಟು ಎಂದಾಯಿತು. ಎರಡರ ಲಾಗ್‌ಗಳ ಅನುಪಾತ 4.79 ಭಾಗಿಸು 4.38, ಅಂದರೆ 1.09. ಒಂದು ಇನ್ನೊಂದಕ್ಕಿಂತ ಶೇ. 9 ವೇಗ. ಬಣ್ಣದ ಗುರುತೇ ಲಾಭನಷ್ಟ ತರುತ್ತಿಲ್ಲ ಎಂದು ಮೊದಲು ಖಾತ್ರಿ ಮಾಡಿಕೊಳ್ಳದಿದ್ದರೆ ಈ ಅಂಕಿಗೆ ಬೆಲೆಯಿಲ್ಲ. ದಿನನಿತ್ಯದ ವರ್ಗಾವಣೆಯಲ್ಲೂ ಒಂದು ಕೆಂಪು, ಒಂದು ಬಿಳಿ ಎಂದು ಸರದಿಯಲ್ಲೇ ಮಾಡುತ್ತಾರೆ. ಒಂದು ಹನಿ ಪಕ್ಕದ ಪಾತ್ರೆಗೆ ಬಿದ್ದರೂ ತಪ್ಪು ಬಣ್ಣದ ಕಾಲೊನಿಯಾಗಿ ಸಿಕ್ಕಿಬೀಳುತ್ತದೆ.

20,000 ತಲೆಮಾರಿಗೆ ಅವು ಪೂರ್ವಜರಿಗಿಂತ ಸುಮಾರು ಶೇ. 70 ವೇಗ. ಏರಿಕೆ ಮೊದಲು ಜೋರು, ಆಮೇಲೆ ನಿಧಾನ. ಆ ದ್ರಾವಣದಲ್ಲಿ ಸಿಟ್ರೇಟ್ ಕೂಡ ಧಾರಾಳ ಇತ್ತು, ಆದರೆ ಆಮ್ಲಜನಕ ಇದ್ದಾಗ ಇ. ಕೋಲಿ ಅದನ್ನು ತಿನ್ನಲಾರದು. ಕಣ್ಣೆದುರೇ ಆಹಾರ, ಅಗತ್ಯವೂ ಇದೆ, ಆದರೂ 12ರಲ್ಲಿ 11 ಗುಂಪು ಅದನ್ನು ಮುಟ್ಟಲಿಲ್ಲ. ಒಂದೇ ಒಂದು ಗುಂಪಿನಲ್ಲಿ, ಸುಮಾರು 31,500ನೇ ತಲೆಮಾರಿನಲ್ಲಿ, ಸಿಟ್ರೇಟ್ ಒಳಗೆಳೆಯುವ ಜೀನ್ ನಕಲಾಗಿ, ಆಮ್ಲಜನಕದಲ್ಲೂ ಚಾಲೂ ಇರುವ ಸ್ವಿಚ್ಚಿನ ಪಕ್ಕಕ್ಕೆ ಬಂದು ಬಿತ್ತು. ಘನೀಕರಿಸಿಟ್ಟ ಹಳೆಯ ಪಾಲುಗಳಿಂದ ಮತ್ತೆ ಬೆಳೆಸಿ ನೋಡಿದಾಗ ಅದೇ ಗುಂಪಿನ ತಡವಾದ ತಲೆಮಾರುಗಳಿಂದ ಮಾತ್ರ ಈ ಗುಣ ಮರುಕಳಿಸಿತು. ಮೊದಲೇ ಆಗಿದ್ದ ಬೇರೆ ಮ್ಯುಟೇಶನ್‌ಗಳು ನೆಲ ಹದ ಮಾಡಿದ್ದವು. ಅಗತ್ಯ ಎಷ್ಟೇ ಇರಲಿ, ಕಚ್ಚಾಮಾಲು ಬರುವ ತನಕ ಆಯ್ಕೆಗೆ ಕೆಲಸವಿಲ್ಲ.

ಸುಳಿಗಾಳಿ:
ಒಪ್ಪಿದೆ. ಹಾಗೆಯೇ ಆಯ್ಕೆ ಕೊಡುವುದೆಲ್ಲ ಅಚ್ಚುಕಟ್ಟು ವಿನ್ಯಾಸವೂ ಅಲ್ಲ. ಜಿರಾಫೆಯ ಗಂಟಲಿನ ಧ್ವನಿಪೆಟ್ಟಿಗೆಗೆ ಹೋಗುವ ನರ ಮಿದುಳಿನಿಂದ ಎದೆಗಿಳಿದು, ಹೃದಯದ ಬಳಿ ಮಹಾಧಮನಿಯನ್ನು ಸುತ್ತಿ, ಮತ್ತೆ ಕತ್ತಿನುದ್ದಕ್ಕೂ ಮೇಲೆ ಹತ್ತುತ್ತದೆ. ಒಂದೆರಡು ಗೇಣಿನ ದಾರಿಗೆ ನಾಲ್ಕು ಮೀಟರಿಗೂ ಹೆಚ್ಚು. ಮೀನಿನಂಥ ಪೂರ್ವಜರಲ್ಲಿ ಅದು ನೇರ ದಾರಿಯೇ ಆಗಿತ್ತು. ಕತ್ತು ಉದ್ದವಾಗುತ್ತ ಹೋದಾಗ ಎಲ್ಲೂ ಕತ್ತರಿಸಿ ಜೋಡಿಸುವ ಅವಕಾಶ ಇರಲಿಲ್ಲ.

ಗರಿಗುಚ್ಛ:
ಬೆಲೆ ತೆತ್ತು ಬಂದ ಹೊಂದಾಣಿಕೆಗೆ ಮೊಜಾಂಬಿಕ್‌ನ ಗೊರೊಂಗೋಸಾ ರಾಷ್ಟ್ರೀಯ ಉದ್ಯಾನದ ಆನೆಗಳನ್ನು ನೋಡಿ. 1977ರಿಂದ 1992ರವರೆಗಿನ ಅಂತರ್ಯುದ್ಧದಲ್ಲಿ ದಂತಕ್ಕಾಗಿ ಬೇಟೆಯಾಡಿ ಅಲ್ಲಿನ ಆನೆಗಳ ಸಂಖ್ಯೆ ಶೇ. 90ಕ್ಕೂ ಹೆಚ್ಚು ಇಳಿಯಿತು. ಹೆಣ್ಣಾನೆಗಳಲ್ಲಿ ದಂತವಿಲ್ಲದವು ಯುದ್ಧಕ್ಕೆ ಮೊದಲು ಶೇ. 18.5, ಯುದ್ಧದಲ್ಲಿ ಬದುಕಿ ಉಳಿದವುಗಳಲ್ಲಿ ಶೇ. 50.9. ಯುದ್ಧದ ನಂತರ ಹುಟ್ಟಿದ ಹೆಣ್ಣುಗಳಲ್ಲೂ ಶೇ. 33. ಗುಣ ಮಕ್ಕಳಿಗೆ ಹೋಗಿದೆ ಎಂಬುದಕ್ಕೆ ಆ ಕೊನೆಯ ಅಂಕಿಯೇ ಆಧಾರ.

ಆದರೆ ಅಲ್ಲಿ ದಂತವಿಲ್ಲದ ಗಂಡು ಕಾಣಸಿಗುವುದಿಲ್ಲ. 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಕಾರಣ ಎಕ್ಸ್ ಕ್ರೋಮೋಸೋಮಿನಲ್ಲಿದೆ. ಹೆಣ್ಣಿಗೆ ಎರಡು ಎಕ್ಸ್ ಇರುವುದರಿಂದ ದಂತ ಹೋದರೂ ಜೀವ ಉಳಿಯುತ್ತದೆ. ಇರುವ ಒಂದೇ ಎಕ್ಸ್‌ನಲ್ಲಿ ಅದನ್ನು ಪಡೆದ ಗಂಡುಭ್ರೂಣ ಉಳಿಯುವುದಿಲ್ಲ. ದಂತವಿಲ್ಲದ ತಾಯಿಗೆ ಅರ್ಧದಷ್ಟು ಗಂಡುಮಕ್ಕಳು ಹುಟ್ಟುವ ಮೊದಲೇ ನಷ್ಟ, ಹುಟ್ಟುವವುಗಳಲ್ಲಿ ಎರಡು ಹೆಣ್ಣಿಗೆ ಒಂದು ಗಂಡು. ಬೇಟೆ ನಿಂತರೆ ಇದೇ ಗುಣ ತಾಯಿಗೆ ಹೊರೆ. ಉಳಿಸಿದ ಗುಣ ಎಂದು ಬರೆಯುವವರು ಈ ಅರ್ಧವನ್ನು ಬಿಟ್ಟರೆ ಆನೆಗಳಿಗೆ ಅನ್ಯಾಯ.

ತಿಳಿಗೊಳ:
ಎಲ್ಲರಿಗೂ ಧನ್ಯವಾದ. 'ಕೊಳ್ಳು' ಇಲ್ಲದೆ ಫಿಂಚ್ ವಾಕ್ಯವನ್ನು ಹೀಗೆ ತಿದ್ದಿದ್ದೇನೆ, ನೋಡಿ: "1977ರ ಬರದಲ್ಲಿ ಸಣ್ಣ ಬೀಜ ಮುಗಿದವು. ದಪ್ಪ ಕೊಕ್ಕಿದ್ದ ಹಕ್ಕಿಗಳು ಹೆಚ್ಚಿನ ಪಾಲಿನಲ್ಲಿ ಉಳಿದವು. ಆದ್ದರಿಂದ 1978ರ ಮರಿಗಳ ಕೊಕ್ಕು ಸರಾಸರಿ ಶೇ. 4 ದಪ್ಪವಾಗಿತ್ತು."

ತಳಿಲೆಕ್ಕ:
ಎರಡು ಸಣ್ಣ ತಿದ್ದುಪಡಿ ಸರ್. 'ದಪ್ಪ ಕೊಕ್ಕಿದ್ದ' ಎನ್ನುವ ಮುಂಚೆ 'ಮೊದಲೇ' ಸೇರಿಸಿ, ಇಲ್ಲದಿದ್ದರೆ ಬರ ಬಂದ ಮೇಲೆ ದಪ್ಪವಾಯಿತು ಎಂದೇ ಓದಿಕೊಳ್ಳುತ್ತಾರೆ. 'ಉಳಿದವು' ಆದ ಮೇಲೆ 'ಉಳಿದು ಮರಿ ಮಾಡಿದವು, ಕೊಕ್ಕಿನ ದಪ್ಪ ಬಹುಪಾಲು ಹೆತ್ತವರಿಂದ ಬರುತ್ತದೆ' ಎಂದು ಬರಲಿ. ಅದಿಲ್ಲದೆ 'ಆದ್ದರಿಂದ' ಎಂಬ ಪದಕ್ಕೆ ಆಸರೆ ಇಲ್ಲ. ಶೇ. 4 ಯಾವುದಕ್ಕೆ ಹೋಲಿಸಿದರೆ ಎಂಬುದನ್ನೂ ಹೇಳಿ: ಬರಕ್ಕೆ ಮೊದಲಿದ್ದ ಇಡೀ ಗುಂಪಿನ ಸರಾಸರಿಗೆ, ಬದುಕಿದ ತಂದೆತಾಯಿಯ ಸರಾಸರಿಗೆ ಅಲ್ಲ.